ರೊಟ್ಟಿ ತಿನ್ನುವ ನಾಯಿಗೆ ಪ್ಯಾಕೆಟ್ ಆಹಾರ ಹಾಕೋದು ಹೇಗೆ?

ಪ್ರಶ್ನೆ: ನಮ್ಮದು ಮುಧೋಳ ಹತ್ತಿರದ ಹಳ್ಳಿ. ಮನೆಯಲ್ಲಿ ಎರಡು ವರ್ಷದ ಮುಧೋಳ ನಾಯಿ ಇದೆ. ಮರಿ ಇದ್ದಾಗಿನಿಂದ ದಿನಕ್ಕೆ ನಾಲ್ಕು ಜೋಳದ ರೊಟ್ಟಿ ಹಾಲಲ್ಲಿ ನೆನೆಸಿ ಹಾಕುತ್ತೇವೆ. ಮೊನ್ನೆ ಮಗ ಬಾಗಲಕೋಟೆಯಿಂದ ಪ್ಯಾಕೆಟ್ ಆಹಾರ ತಂದು ಬಟ್ಟಲು ತುಂಬ ಸುರಿದ. ಗಬಗಬ ತಿಂದಿತು, ಮರುದಿನ ನೀರಿನಂಥ ಭೇದಿ. ಈಗ ಆರಾಮಿದೆ. ಆ ಆಹಾರ ಅದಕ್ಕೆ ಆಗಿಬರಲ್ವಾ? ಬೆಕ್ಕೂ ಅದನ್ನೇ ತಿನ್ನುತ್ತಿದೆ, ನಡೆಯುತ್ತಾ?

ಉತ್ತರ: ಪ್ಯಾಕೆಟ್ ಬಿಸಾಕಬೇಡಿ. ಭೇದಿಗೆ ಬಹುಪಾಲು ಅವಸರವೇ ಕಾರಣ. ಎರಡು ವರ್ಷದಿಂದ ಜೋಳ, ಹಾಲು ಅರಗಿಸಿಕೊಂಡ ಕರುಳು ಅದು. ಅದರಲ್ಲಿರುವ ಸೂಕ್ಷ್ಮಜೀವಿಗಳೂ ಆ ಊಟಕ್ಕೇ ಹೊಂದಿಕೊಂಡಿವೆ. ಒಮ್ಮೆಲೇ ಬೇರೆ ಥರದ ಪ್ರೋಟೀನ್, ಕೊಬ್ಬು ಬಿದ್ದರೆ ಅರಗದೆ ಉಳಿದದ್ದು ನೀರನ್ನು ಎಳೆದುಕೊಳ್ಳುತ್ತದೆ, ಭೇದಿಯಾಗುತ್ತದೆ.

ಮಲ ಗಟ್ಟಿಯಾದ ಮೇಲೆ ಮತ್ತೆ ಶುರು ಮಾಡಿ. ಪ್ಯಾಕೆಟ್ ಮೇಲೆ ನಾಯಿಯ ತೂಕಕ್ಕೆ ತಕ್ಕ ಅಳತೆ ಇರುತ್ತದೆ. ದಿನಕ್ಕೆ 300 ಗ್ರಾಂ ಅಂತಿದೆ ಅಂದುಕೊಳ್ಳಿ. ಮೊದಲ ಮೂರು ದಿನ ಮೂರು ರೊಟ್ಟಿ, 75 ಗ್ರಾಂ ಹೊಸದು. ಮುಂದಿನ ಮೂರು ದಿನ ಎರಡು ರೊಟ್ಟಿ, 150 ಗ್ರಾಂ. ಆಮೇಲೆ ಒಂದು ರೊಟ್ಟಿ, 225 ಗ್ರಾಂ. ಹತ್ತನೇ ದಿನಕ್ಕೆ ಪೂರ್ತಿ ಹೊಸದು. ರೊಟ್ಟಿ ಕಡಿಮೆಯಾದಂತೆ ಹಾಲನ್ನೂ ಇಳಿಸುತ್ತಾ ಬನ್ನಿ. ನಡುವೆ ಮಲ ತೆಳ್ಳಗಾದರೆ ಹಿಂದಿನ ಹಂತಕ್ಕೆ ಹೋಗಿ, ಎರಡು ದಿನ ಅಲ್ಲೇ ನಿಲ್ಲಿ. ಎರಡು ವಾರ ಹಿಡಿದರೂ ನಡೆಯುತ್ತದೆ, ಓಡಿ ಹೋಗುವ ಕೆಲಸ ಏನಿದೆ? ಅದೇ ವಾರ ಜಂತಿನ ಔಷಧಿ ಮಾತ್ರ ಹಾಕಬೇಡಿ. ಭೇದಿಯಾದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಹಾಲಲ್ಲಿ ನೆನೆದ ರೊಟ್ಟಿಯಲ್ಲಿ ನೀರಿನಂಶ ಜಾಸ್ತಿ ಇತ್ತು. ಒಣ ಆಹಾರದಲ್ಲಿ ಅದು ನೂರಕ್ಕೆ ಹತ್ತರ ಆಸುಪಾಸು ಅಷ್ಟೇ. ನಮ್ಮ ಕಡೆ ಬಿಸಿಲು ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ. ನೀರಿನ ಬಟ್ಟಲು ಯಾವಾಗಲೂ ತುಂಬಿರಲಿ. ಇನ್ನೊಂದು ಮಾತು, ಮುಧೋಳ ನಾಯಿ ಓಡುವ ತಳಿ, ಹುಟ್ಟಾ ಸಪೂರ. ಪಕ್ಕೆಲುಬು ಸ್ವಲ್ಪ ಕಂಡರೆ ಸೊರಗಿದೆ ಅಂತ ಅಳತೆ ಮೀರಿ ಹಾಕಬೇಡಿ. ಉಂಡ ತಕ್ಷಣ ಹೊಲದಲ್ಲಿ ಓಡಿಸಲೂಬೇಡಿ.

ಪ್ಯಾಕೆಟ್ಟೇ ಬೇಕು ಅಂತೇನೂ ಇಲ್ಲ. ಆದರೆ ಬರೀ ರೊಟ್ಟಿ, ಹಾಲು ಸಾಲದು. ಬೇಯಿಸಿದ ಮೊಟ್ಟೆ, ಖಾರ ಹಾಕದೆ ಬೇಯಿಸಿದ ಕೋಳಿ ಸೇರಿಸಬಹುದು, ಅದೂ ಇದೇ ರೀತಿ ಸ್ವಲ್ಪ ಸ್ವಲ್ಪವಾಗಿ. ಮನೆ ಊಟವೇ ಸಾಕು ಅನ್ನುವುದಾದರೆ ಕ್ಯಾಲ್ಸಿಯಂ ಲೆಕ್ಕವನ್ನು ಪಶುವೈದ್ಯರ ಹತ್ತಿರ ಹಾಕಿಸಿಕೊಳ್ಳಿ. ಜಾತ್ರೆ ಮರುದಿನದ ಬೇಯಿಸಿದ ಎಲುಬು, ಈರುಳ್ಳಿ-ಬೆಳ್ಳುಳ್ಳಿ ಮಸಾಲೆಯ ಸಾರು ಬೇಡವೇ ಬೇಡ. ಎಲುಬು ಚೂಪಾಗಿ ಒಡೆದು ಕರುಳಿಗೆ ಚುಚ್ಚಬಹುದು. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಹಾಳುಮಾಡುತ್ತವೆ.

ಇನ್ನು ಬೆಕ್ಕು. ಒಂದೆರಡು ತುತ್ತು ಕದ್ದು ತಿಂದರೆ ಏನಾಗುವುದಿಲ್ಲ. ಅದೇ ಊಟ ಆಗಬಾರದು. ಬೆಕ್ಕಿಗೆ ಟಾರಿನ್ ಎಂಬ ಅಂಶ ಊಟದಿಂದಲೇ ಸಿಗಬೇಕು, ಅದು ಇರುವುದು ಮಾಂಸ, ಮೀನಿನಲ್ಲಿ. ನಾಯಿ ಆಹಾರದಲ್ಲಿ ಬೆಕ್ಕಿಗೆ ಸಾಕಾಗುವಷ್ಟು ಇರುತ್ತದೆ ಅಂತ ನಂಬುವಂತಿಲ್ಲ. ತಿಂಗಳುಗಟ್ಟಲೆ ಕೊರತೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಅದಕ್ಕೆ ಬೆಕ್ಕಿನ ಆಹಾರವನ್ನೇ ತನ್ನಿ, ಹೀಗೆಯೇ ನಿಧಾನವಾಗಿ ಬದಲಿಸಿ. ಮೂಸಿ ಬಿಟ್ಟು ಹೋದರೆ ಸ್ವಲ್ಪ ಬೆಚ್ಚಗಿನ ನೀರು ಚಿಮುಕಿಸಿ, ವಾಸನೆ ಏಳುತ್ತದೆ. ಹಸಿವಾದರೆ ತಾನೇ ತಿನ್ನುತ್ತೆ ಅಂತ ಹಟ ಹಿಡಿಯಬೇಡಿ. ನಾಯಿಗೆ ಆ ಹಟ ನಡೆದೀತು, ಬೆಕ್ಕಿಗೆ ನಡೆಯದು. ಅದರಲ್ಲೂ ದಪ್ಪ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಬರಬಹುದು. ಒಂದು ದಿನ ಏನೂ ಮುಟ್ಟದಿದ್ದರೆ ಹಳೆಯ ಊಟ ಹಾಕಿ. ಅದನ್ನೂ ಬೇಡ ಅಂದರೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ನಾಯಿಯೇ ಇರಲಿ ಬೆಕ್ಕೇ ಇರಲಿ, ಭೇದಿಯಲ್ಲಿ ರಕ್ತ ಕಂಡರೆ, ಮೇಲಿಂದ ಮೇಲೆ ವಾಂತಿಯಾದರೆ ಅಥವಾ ಮಂಕಾಗಿ ಮಲಗಿದರೆ ಅದೇ ದಿನ ತೋರಿಸಿ.