ಐಇಎಲ್‌ಟಿಎಸ್ ರೀಡಿಂಗ್‌ನಲ್ಲಿ 6ಕ್ಕೇ ನಿಂತಿದೆ, 7 ಬೇಕು. ಆರು ವಾರದಲ್ಲಿ ಹೇಗೆ ತಯಾರಾಗಲಿ?

ನೀವು ಬರೆದಿರುವುದು ಇಷ್ಟು: ಬಿಎಸ್ಸಿ ನರ್ಸಿಂಗ್ ಮುಗಿದಿದೆ, ಹತ್ತನೆಯವರೆಗೆ ಕನ್ನಡ ಮಾಧ್ಯಮ, ಯುಕೆಗೆ ಹೋಗುವ ತಯಾರಿ ನಡೆದಿದೆ, ಮೂರನೇ ಪ್ಯಾಸೇಜಿಗೆ ಬರುವಷ್ಟರಲ್ಲಿ ಟೈಮ್ ಮುಗಿದುಹೋಗುತ್ತದೆ. ಅಲ್ಲಿನ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿ ಕೇಳುವುದು ಐಇಎಲ್‌ಟಿಎಸ್ ಎಂಬ ಈ ಇಂಗ್ಲಿಷ್ ಪರೀಕ್ಷೆಯ ಅಕಾಡೆಮಿಕ್ ಬಗೆಯನ್ನು, ಅದರಲ್ಲಿ ಬೇಕಾದ ಬ್ಯಾಂಡ್ (ಅಂದರೆ ಅಂಕದ ಮಟ್ಟ) ಇಷ್ಟು: ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್‌ಗೆ 7, ರೈಟಿಂಗ್‌ಗೆ 6.5. ಹಾಗಾಗಿ ಇನ್ನೊಂದು ಬಗೆಯಾದ ಜನರಲ್ ಟ್ರೈನಿಂಗ್ ವಿಷಯ ಬಿಟ್ಟು ಅಕಾಡೆಮಿಕ್ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲು ಲೆಕ್ಕ ನೋಡಿ. 60 ನಿಮಿಷ, 3 ಪ್ಯಾಸೇಜ್, 40 ಪ್ರಶ್ನೆ. ಮೂರೂ ಸೇರಿ 2,150ರಿಂದ 2,750 ಪದ. ಸುಮಾರು 23 ಸರಿಯಾದರೆ 6, ಸುಮಾರು 30 ಸರಿಯಾದರೆ 7. ಪತ್ರಿಕೆ ಎಷ್ಟು ಕಷ್ಟವಿದೆ ಅನ್ನುವುದರ ಮೇಲೆ ಒಂದೆರಡು ಆಚೀಚೆ ಆಗಬಹುದು. ಅಂದರೆ ನಿಮಗೆ ಬೇಕಿರುವುದು ಏಳು ಉತ್ತರ. ಏಳು ಉತ್ತರಕ್ಕಾಗಿ ಇಂಗ್ಲಿಷನ್ನೇ ಮೊದಲಿನಿಂದ ಕಲಿಯಬೇಕಿಲ್ಲ. ಈಗ ಎಲ್ಲಿ ಸೋರಿಹೋಗುತ್ತಿವೆ ಅಂತ ಹುಡುಕಿದರೆ ಸಾಕು.

ಎರಡು ಮೂರು ಅಂಕ ಸ್ಪೆಲ್ಲಿಂಗ್‌ನಲ್ಲೇ ಹೋಗಿರುತ್ತದೆ. ಕಾಗುಣಿತ ತಪ್ಪಿದರೆ ಅರ್ಧ ಅಂಕವೂ ಇಲ್ಲ, ಸೊನ್ನೆ. ನಾವು ಬಾಯಲ್ಲಿ 'ಗೌರ್ಮೆಂಟ್' ಅನ್ನುತ್ತೇವೆ, ಬರೆಯುವಾಗ ನಡುವಿನ ಎನ್ ಮಾಯ. 'ಎನ್ವಿರಾನ್‌ಮೆಂಟ್' ಕಥೆಯೂ ಅದೇ. ಅದಕ್ಕಿಂತ ದೊಡ್ಡ ಸೋರಿಕೆ ಬಹುವಚನದ ಎಸ್. ಕನ್ನಡದಲ್ಲಿ 'ಹತ್ತು ಪುಸ್ತಕ' ಅಂದರೆ ಮುಗಿಯಿತು, 'ಗಳು' ಬೇಕೇ ಬೇಕು ಅಂತಿಲ್ಲ. ಆ ರೂಢಿಯಲ್ಲೇ ಪ್ಯಾಸೇಜಿನಲ್ಲಿ 'ಸೀಡ್ಸ್' ಅಂತ ಇದ್ದರೂ ಕೈ 'ಸೀಡ್' ಅಂತ ಬರೆದುಬಿಡುತ್ತದೆ. ಖಾಲಿ ಜಾಗಕ್ಕೆ ಪ್ಯಾಸೇಜಿನ ಪದ ಕೇಳಿದ್ದರೆ ಅಕ್ಷರ ಅಕ್ಷರ ಹಾಗೇ ಇಳಿಸಿ. ವಾಕ್ಯಕ್ಕೆ ಕೂರಿಸಲು ಪದದ ರೂಪ ಬದಲಿಸಬೇಕಾಗಿ ಬಂತು ಅಂದರೆ ನೀವು ಹಿಡಿದ ಪದವೇ ತಪ್ಪು, ಬೇರೆ ಹುಡುಕಿ. ಖಾಲಿ ಜಾಗದ ಹಿಂದೆ 'ಇನ್' ಅಂತ ಅಚ್ಚಾಗಿರುವಾಗ ನೀವು ಮತ್ತೆ 'ಇನ್ ಸಮ್ಮರ್' ಅಂತ ತುಂಬಿದರೂ ಅಂಕ ಹೋಯಿತು. 'ನೋ ಮೋರ್ ದ್ಯಾನ್ ಟೂ ವರ್ಡ್ಸ್' ಅಂದ ಕಡೆ 'ದ ಲೋಕಲ್ ರಿವರ್ಸ್' ಮೂರು ಪದ, ಅದೂ ಸೊನ್ನೆ. ನಡುವೆ ಅಡ್ಡಗೆರೆ ಇರುವ ಜೋಡಿಪದವನ್ನು ಒಂದೇ ಪದವಾಗಿ ಎಣಿಸುತ್ತಾರೆ.

ಇನ್ನು ಎಲ್ಲರೂ ಮುಗ್ಗರಿಸುವ ಟ್ರೂ, ಫಾಲ್ಸ್, ನಾಟ್ ಗಿವನ್. ಕೊಟ್ಟ ಹೇಳಿಕೆ ಪ್ಯಾಸೇಜಿಗೆ ಹೊಂದಿದರೆ ಟ್ರೂ, ವಿರುದ್ಧವಾಗಿದ್ದರೆ ಫಾಲ್ಸ್, ಪ್ಯಾಸೇಜು ಆ ಬಗ್ಗೆ ಏನೂ ಹೇಳದಿದ್ದರೆ ನಾಟ್ ಗಿವನ್. ಒಂದು ಉದಾಹರಣೆ ಕನ್ನಡದಲ್ಲೇ ನೋಡೋಣ. ಪ್ಯಾಸೇಜಿನಲ್ಲಿ ಹೀಗಿದೆ ಅಂತಿಟ್ಟುಕೊಳ್ಳಿ: "ಚಿಕ್ಕಮಗಳೂರಿನ ಗಿರಿಗೆ ಕಾಫಿ ಬೀಜ ತಂದವರು ಬಾಬಾ ಬುಡನ್ ಎಂಬುದು ಪ್ರತೀತಿ. ಆದರೆ ವ್ಯಾಪಾರಕ್ಕೆಂದೇ ದೊಡ್ಡ ತೋಟಗಳು ಎದ್ದದ್ದು ಬಹಳ ಕಾಲದ ನಂತರ, ಹತ್ತೊಂಬತ್ತನೆಯ ಶತಮಾನದಲ್ಲಿ."

"ಕಾಫಿ ಬಂದ ಕೂಡಲೇ ದೊಡ್ಡ ತೋಟಗಳು ಶುರುವಾದವು" ಅನ್ನುವುದು ಫಾಲ್ಸ್. 'ಬಹಳ ಕಾಲದ ನಂತರ' ಅನ್ನುವ ಮಾತು ಅದನ್ನು ನೇರವಾಗಿ ತಳ್ಳಿಹಾಕುತ್ತದೆ. "ಮೊದಲ ದೊಡ್ಡ ತೋಟಗಳನ್ನು ಮಾಡಿದವರು ಬ್ರಿಟಿಷರು" ಅನ್ನುವುದು ನಾಟ್ ಗಿವನ್. ಮಲೆನಾಡಿನವರು ಇಲ್ಲೇ ಬೀಳುತ್ತಾರೆ, ಯಾಕೆಂದರೆ ಅವರಿಗೆ ವಿಷಯ ಗೊತ್ತು. ಗೊತ್ತಿರುವುದು ಬೇರೆ, ಪ್ಯಾಸೇಜಿನಲ್ಲಿ ಬರೆದಿರುವುದು ಬೇರೆ. ನರ್ಸಿಂಗ್ ಓದಿದವರಿಗೆ ಆರೋಗ್ಯದ ಪ್ಯಾಸೇಜ್ ಬಂದಾಗ ಆಗುವುದೂ ಇದೇ: ನಿಮ್ಮ ಅನಾಟಮಿ ಪುಸ್ತಕ ತಲೆಯೊಳಗೆ ಉತ್ತರ ಕೊಡುತ್ತಿರುತ್ತದೆ. ಮೂರನೆಯದು: "ದೊಡ್ಡ ತೋಟಗಳಿಗೆ ಮೊದಲೇ ಬೀಜ ಗಿರಿಗೆ ಬಂದಿತ್ತೆಂಬ ನಂಬಿಕೆಯಿದೆ." ಇದು ಟ್ರೂ. ಇಲ್ಲಿ 'ನಂಬಿಕೆಯಿದೆ' ತೆಗೆದು 'ಎಂದು ದಾಖಲೆಗಳು ಹೇಳುತ್ತವೆ' ಅಂತ ಹಾಕಿದರೆ ಉತ್ತರ ನಾಟ್ ಗಿವನ್ ಆಗಿಬಿಡುತ್ತದೆ. ದಾಖಲೆಯ ಮಾತೇ ಅಲ್ಲಿಲ್ಲ. ಸಮ್, ಮೋಸ್ಟ್, ಆಲ್, ಓನ್ಲಿ, ಮೇ ಇಂಥ ಚಿಕ್ಕ ಪದಗಳಲ್ಲೇ ಪ್ರಶ್ನೆಯ ಕೊಕ್ಕೆ ಇರುತ್ತದೆ. ಸ್ಟೇಟ್‌ಮೆಂಟ್ ಓದುವಾಗ ಅವುಗಳ ಕೆಳಗೆ ಮೊದಲು ಗೆರೆ ಎಳೆಯಿರಿ.

ಫಾಲ್ಸ್ ಅನ್ನಲು ಬೆರಳಿಟ್ಟು ತೋರಿಸುವಂಥ ವಿರುದ್ಧ ಮಾತು ಬೇಕು. ತೋರಿಸಲು ಆಗದಿದ್ದರೆ ಅದು ಫಾಲ್ಸ್ ಅಲ್ಲ. ಜೊತೆಗೆ ಈ ಪ್ರಶ್ನೆಗಳು ಪ್ಯಾಸೇಜಿನ ಕ್ರಮದಲ್ಲೇ ಬರುತ್ತವೆ. 3ರ ಉತ್ತರ ಎರಡನೇ ಪ್ಯಾರಾದಲ್ಲಿ, 5ರದ್ದು ನಾಲ್ಕರಲ್ಲಿ ಸಿಕ್ಕಿದ್ದರೆ 4ನ್ನು ಅವೆರಡರ ನಡುವೆ ಮಾತ್ರ ಹುಡುಕಿ. ಒಂದು ನಿಮಿಷ ನೋಡಿ. ಸಿಗದಿದ್ದರೆ ನಾಟ್ ಗಿವನ್ ಬರೆದು ಮುಂದೆ ನಡೆಯಿರಿ. ಇಲ್ಲದ್ದನ್ನು ಹುಡುಕುತ್ತಾ ಐದು ನಿಮಿಷ ಕೂರುವುದರಿಂದಲೇ ನಿಮ್ಮ ಮೂರನೇ ಪ್ಯಾಸೇಜ್ ಹಾಳಾಗುತ್ತಿರಬಹುದು.

ಟೈಮ್ ವಿಷಯಕ್ಕೆ ಬಂದರೆ, 20-20-20 ಅಂತ ಹಂಚುವುದನ್ನು ನಾನು ಒಪ್ಪುವುದಿಲ್ಲ. ಪ್ಯಾಸೇಜುಗಳು ಒಂದಕ್ಕಿಂತ ಒಂದು ಕಷ್ಟವಾಗುತ್ತಾ ಹೋಗುತ್ತವೆ, ಹಾಗಾಗಿ 16, 20, 24 ನಿಮಿಷ ಇಟ್ಟುಕೊಳ್ಳಿ. ಕಾಗದದ ಮೇಲೆ ಬರೆಯುವವರಿಗೆ ಲಿಸನಿಂಗ್‌ನಲ್ಲಿ ಉತ್ತರ ಇಳಿಸಲು ಕೊಡುವ ಹೆಚ್ಚುವರಿ 10 ನಿಮಿಷ ರೀಡಿಂಗ್‌ಗೆ ಇಲ್ಲ, ನೇರ ಆನ್ಸರ್ ಶೀಟ್ ಮೇಲೆಯೇ ಬರೆಯಿರಿ.

ಎಲ್ಲ ಬಗೆಯ ಪ್ರಶ್ನೆಯೂ ಕ್ರಮದಲ್ಲಿ ಬರುವುದಿಲ್ಲ. 'ಈ ಮಾಹಿತಿ ಯಾವ ಪ್ಯಾರಾದಲ್ಲಿದೆ' ಅನ್ನುವ ಪ್ರಶ್ನೆಗಳು ಚೆಲ್ಲಾಪಿಲ್ಲಿ. ಅವನ್ನು ಆ ಪ್ಯಾಸೇಜಿನ ಕೊನೆಗಿಡಿ. ಅಷ್ಟರಲ್ಲಿ ಉಳಿದ ಪ್ರಶ್ನೆಗಳಿಗಾಗಿ ಅರ್ಧ ಪ್ಯಾಸೇಜ್ ಓದಿರುತ್ತೀರಿ. ಕೊಟ್ಟ ಪಟ್ಟಿಯಿಂದ ಪ್ರತಿ ಪ್ಯಾರಾಗೆ ಹೆಡಿಂಗ್ ಹೊಂದಿಸುವುದನ್ನು ಮಾತ್ರ ಮೊದಲೇ, ಪ್ಯಾರಾ ಓದಿದ ಹಾಗೇ ಮಾಡಿ. ಪ್ಯಾರಾದಲ್ಲಿರುವ ಪದವೇ ಹೆಡಿಂಗ್‌ನಲ್ಲೂ ಕಂಡರೆ ಖುಷಿಪಡಬೇಡಿ, ಬಹಳಷ್ಟು ಸಲ ಅದು ಬಲೆ. ಪ್ಯಾರಾ ಮುಗಿದ ಮೇಲೆ 'ಇದು ಯಾತಕ್ಕೆ ಬರೆದಿದ್ದಾರೆ' ಅಂತ ಕನ್ನಡದಲ್ಲಿ ನಾಲ್ಕು ಪದದಲ್ಲಿ ಹೇಳಿಕೊಂಡು, ಆಮೇಲೆ ಪಟ್ಟಿ ನೋಡಿ.

ಓದು ನಿಧಾನವಾಗಲು ಕನ್ನಡದವರಿಗೆ ಒಂದು ವಿಶೇಷ ಕಾರಣವಿದೆ, ಇದನ್ನು ಕೋಚಿಂಗ್‌ನಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. 'ನಿನ್ನೆ ಸಂತೆಯಲ್ಲಿ ಕೊಂಡ ಮಾವಿನಹಣ್ಣು ಕೊಳೆತಿತ್ತು': ನಮ್ಮಲ್ಲಿ ವಿವರವೆಲ್ಲ ಹಣ್ಣಿನ ಹಿಂದೆ, ಕ್ರಿಯಾಪದ ಕೊನೆಗೆ. ಇಂಗ್ಲಿಷಿನಲ್ಲಿ 'ದ ಮ್ಯಾಂಗೋಸ್ ಬಾಟ್ ಇನ್ ದ ಮಾರ್ಕೆಟ್ ಯೆಸ್ಟರ್‌ಡೇ ವರ್ ರಾಟನ್'. ಓದುತ್ತಾ ಹೋದವರು 'ಬಾಟ್' ಬಂದ ತಕ್ಷಣ ಅದೇ ಮುಖ್ಯ ಕ್ರಿಯಾಪದ ಅಂದುಕೊಳ್ಳುತ್ತಾರೆ, 'ವರ್' ಬಂದಾಗ ಎಡವುತ್ತಾರೆ, ಮತ್ತೆ ಮೊದಲಿನಿಂದ ಓದುತ್ತಾರೆ. ಉದ್ದ ವಾಕ್ಯ ಸಿಕ್ಕಾಗ ಕರ್ತೃ ಮತ್ತು ಅದರ ನಿಜವಾದ ಕ್ರಿಯಾಪದ ಎರಡನ್ನೇ ಗುರುತಿಸಿ, ನಡುವಿನದನ್ನು ಸದ್ಯಕ್ಕೆ ಆವರಣದಲ್ಲಿಡಿ. ದಿನಕ್ಕೆ ಹತ್ತು ಉದ್ದ ವಾಕ್ಯ ಹೀಗೆ ಬಿಡಿಸಿದರೆ ಎರಡು ವಾರದಲ್ಲಿ ಹಿಂದಕ್ಕೆ ಓದುವ ಚಾಳಿ ಕಡಿಮೆಯಾಗುತ್ತದೆ.

ಅಭ್ಯಾಸಕ್ಕೆ ಕೇಂಬ್ರಿಜ್‌ನವರ ಪ್ರಶ್ನೆಪತ್ರಿಕೆಗಳ ಪುಸ್ತಕವೇ ಸಾಕು. ಅಕಾಡೆಮಿಕ್ ಅಂತ ನೋಡಿ ಕೊಳ್ಳಿ. ಒಂದರಲ್ಲಿ ನಾಲ್ಕು ಟೆಸ್ಟ್, ಅಂದರೆ 12 ಪ್ಯಾಸೇಜ್. ಎರಡು ಪುಸ್ತಕ ಕೊಂಡರೆ 24. ಮೊದಲ ಎರಡು ವಾರ ಗಡಿಯಾರ ಬೇಡ: ದಿನ ಬಿಟ್ಟು ದಿನ ಒಂದು ಪ್ಯಾಸೇಜ್, ಪ್ರತಿ ಉತ್ತರಕ್ಕೂ ಸಾಕ್ಷಿಯಾದ ಸಾಲಿನ ಕೆಳಗೆ ಗೆರೆ. ಆರು ಅಥವಾ ಏಳು ಪ್ಯಾಸೇಜ್ ಆಗುತ್ತದೆ. ಮೂರು, ನಾಲ್ಕನೇ ವಾರ 20 ನಿಮಿಷ ಇಟ್ಟು ಒಂದೊಂದೇ ಪ್ಯಾಸೇಜ್, ಒಟ್ಟು ಎಂಟು. ಕೊನೆಯ ಎರಡು ವಾರ ಪೂರ್ತಿ 60 ನಿಮಿಷದ ಮೂರು ಟೆಸ್ಟ್, ಅದಕ್ಕಿಂತ ಹೆಚ್ಚು ಬೇಡ. ದಿನಕ್ಕೊಂದು ಮಾಕ್ ಟೆಸ್ಟ್ ಬರೆದು ಬ್ಯಾಂಡ್ ನೋಡಿ ಬೇಜಾರಾಗುವುದು ತಯಾರಿಯಲ್ಲ.

ಒಂದು ಗಂಟೆ ಬರೆದರೆ ಒಂದು ಗಂಟೆ ತಪ್ಪು ನೋಡಲು ಮೀಸಲಿಡಿ. ನೋಟ್‌ಬುಕ್‌ನಲ್ಲಿ ಮೂರು ಕಾಲಂ: ನಾನು ಬರೆದದ್ದು, ಸಾಕ್ಷಿ ಇದ್ದ ಸಾಲು, ತಪ್ಪಿದ್ದು ಯಾಕೆ. 'ಯಾಕೆ' ಕಾಲಂನಲ್ಲಿ 'ಗಮನ ಇರಲಿಲ್ಲ' ಅಂತ ಬರೆಯಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. 'ಎಸ್ ಬಿಟ್ಟೆ', 'ಓನ್ಲಿ ನೋಡಲಿಲ್ಲ', 'ಗೊತ್ತಿದ್ದದ್ದರಿಂದ ಬರೆದೆ' ಅಂತ ಬರೆಯಿರಿ. ಅದೇ ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ಪ್ರಶ್ನೆಯ ಪದ ಮತ್ತು ಪ್ಯಾಸೇಜಿನ ಪದವನ್ನು ಜೋಡಿಯಾಗಿ ಬರೆದುಕೊಳ್ಳಿ: ಪ್ರಶ್ನೆಯಲ್ಲಿ 'ಫೆಲ್', ಪ್ಯಾಸೇಜಿನಲ್ಲಿ 'ಡಿಕ್ಲೈನ್ಡ್'. ಐನೂರು ಕಷ್ಟಪದ ಬಾಯಿಪಾಠ ಮಾಡುವುದಕ್ಕಿಂತ ಇಂಥ ನೂರು ಜೋಡಿ ಹೆಚ್ಚು ಕೆಲಸಕ್ಕೆ ಬರುತ್ತವೆ.

ಕಂಪ್ಯೂಟರ್‌ನಲ್ಲಿ ಬರೆಯುವವರಾದರೆ ಕೊನೆಯ ಟೆಸ್ಟ್‌ಗಳನ್ನು ಪರದೆಯ ಮೇಲೆಯೇ ಮಾಡಿ. ಅಲ್ಲಿ ಎಡಗಡೆ ಪ್ಯಾಸೇಜ್, ಬಲಗಡೆ ಪ್ರಶ್ನೆ, ಎರಡೂ ಬೇರೆಬೇರೆಯಾಗಿ ಸರಿಯುತ್ತವೆ. ಕಾಗದದ ರೂಢಿಯವರಿಗೆ ಮೊದಲ ಸಲ ಸಾಲು ಕೈತಪ್ಪುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಕೊನೆಯ ಎರಡು ನಿಮಿಷದಲ್ಲಿ ಓದುವುದು ನಿಲ್ಲಿಸಿ, ಖಾಲಿ ಉಳಿದ ಆಯ್ಕೆ ಪ್ರಶ್ನೆಗಳಿಗೆಲ್ಲ ಏನಾದರೂ ಒಂದು ಅಕ್ಷರ ತುಂಬಿಬಿಡಿ.