ಹಾರ್ಮೋನ್ ಮಾತ್ರೆ ಕೇಳಿ ಬಂದವರು

ವಯಸ್ಸು 52, ಮುಟ್ಟು ನಿಂತು ಎರಡು ವರ್ಷ. ಒಂಬತ್ತು ವರ್ಷದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಪಿಯೋಗ್ಲಿಟಜೋನ್ ಮೂರೂ ನಡೆದಿದ್ದವು. ದಿನಕ್ಕೆ ಎಂಟು-ಹತ್ತು ಸಲ ಎದೆಯಿಂದ ಮುಖಕ್ಕೆ ಝಳ, ರಾತ್ರಿ ಮೈಯೆಲ್ಲ ಬೆವರು. "ಹಾರ್ಮೋನ್ ಮಾತ್ರೆ ತಗೊಂಡ್ರೆ ಝಳವೂ ಹೋಗುತ್ತೆ, ಹಾರ್ಟೂ ಗಟ್ಟಿಯಾಗುತ್ತಂತೆ, ಹೌದಾ ಮೇಡಂ?"

ಝಳಕ್ಕೆ ಈಸ್ಟ್ರೊಜೆನ್ ಹಾರ್ಮೋನ್‌ಗಿಂತ ಚೆನ್ನಾದ ಮದ್ದಿಲ್ಲ. ಆದರೆ ಹೃದಯ ಕಾಪಾಡಲೆಂದು ಅದನ್ನು ಕೊಡುವುದಿಲ್ಲ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಧ್ಯಯನದಲ್ಲಿ ಈಸ್ಟ್ರೊಜೆನ್-ಪ್ರೊಜೆಸ್ಟಿನ್ ಹಾರ್ಮೋನ್ ಜೋಡಿಯ ಪ್ರಯೋಗವನ್ನು, ಲಾಭಕ್ಕಿಂತ ಅಪಾಯ ಹೆಚ್ಚೆಂದು ಕಂಡು, 2002ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಅಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುಮಾಡುವವರ ಲೆಕ್ಕ ಬೇರೆ. ಹಾಗಾಗಿ ವಯಸ್ಸು ಇವರಿಗೆ ಅಡ್ಡಿಯಾಗಿರಲಿಲ್ಲ.

ಅಡ್ಡಿ ಇದ್ದದ್ದು ಅವರಾಗಿ ಹೇಳದೆ ಉಳಿಸಿದ ಮಾತಿನಲ್ಲಿ. ಎರಡನೇ ಮಹಡಿ ಹತ್ತುವಾಗ ನಡುವೆ ನಿಲ್ಲಬೇಕು. ಸಂಜೆ ಕಣಕಾಲನ್ನು ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತದೆ. ಸಕ್ಕರೆ ಕಾಯಿಲೆ ಹೃದಯದ ಸ್ನಾಯುವನ್ನು ಗಡುಸಾಗಿಸಬಹುದು. ಹಿಂಡುವ ಶಕ್ತಿ ಸರಿಯಿದ್ದರೂ ಅದು ಸರಿಯಾಗಿ ಸಡಿಲಗೊಳ್ಳದೆ ರಕ್ತ ತುಂಬಿಕೊಳ್ಳಲಾರದು. ಹೃದಯದ ಸ್ಕ್ಯಾನ್ ಆದ ಎಕೋ ವರದಿಯಲ್ಲಿ ಇಜೆಕ್ಷನ್ ಫ್ರ್ಯಾಕ್ಷನ್ (ಹಿಂಡುವ ಶಕ್ತಿಯ ಅಳತೆ) 60% ಎಂದು ನೋಡಿ ನೆಮ್ಮದಿಯಾಗುವವರು ಅದರ ಕೆಳಗಿನ 'ಡಯಾಸ್ಟಾಲಿಕ್ ಡಿಸ್‌ಫಂಕ್ಷನ್' (ಸಡಿಲಗೊಳ್ಳುವಲ್ಲಿ ತೊಂದರೆ) ಎಂಬ ಸಾಲನ್ನು ಓದುವುದೇ ಇಲ್ಲ. ಇವರ ವರದಿಯಲ್ಲೂ ಆ ಸಾಲಿತ್ತು. ಸಾಲದ್ದಕ್ಕೆ ಪಿಯೋಗ್ಲಿಟಜೋನ್ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಹೃದಯ ವೈಫಲ್ಯದ ಲಕ್ಷಣ ಇರುವವರಿಗೆ ಅದು ಕೂಡದು.

ರಾತ್ರಿಯ ಬೆವರು ಸಕ್ಕರೆ ಇಳಿದು ಬರುತ್ತಿದೆಯೇ ಎಂದು ತಿಳಿಯಲು ಎಕೋಗೂ ಮೊದಲು ಕೊಟ್ಟ ಕೆಲಸ ಒಂದೇ. ಎರಡು ವಾರ ಗ್ಲುಕೋಮೀಟರ್ ದಿಂಬಿನ ಪಕ್ಕ ಇರಲಿ. ಬೆವರಿ ಎಚ್ಚರವಾದಾಗಲೆಲ್ಲ ಬೆರಳು ತೊಳೆದು, ಪೂರ್ತಿ ಒರೆಸಿ, ಚುಚ್ಚಿ ನೋಡಿ. ಗಂಟೆ ಮತ್ತು ಅಂಕಿ ಬರೆಯಿರಿ. 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಹದಿನೇಳು ಬೆವರುಗಳಲ್ಲಿ ನಾಲ್ಕು 70ರ ಕೆಳಗೆ, ಅತಿ ಕಡಿಮೆ 58. ನಾಲ್ಕೂ ರಾತ್ರಿ ಊಟ ಅರೆಬರೆಯಾಗಿದ್ದ ದಿನಗಳು. ಅದು ಗ್ಲಿಮೆಪಿರೈಡ್ ಸಕ್ಕರೆಯನ್ನು ಅತಿಯಾಗಿ ಇಳಿಸಿ ತಂದ ಬೆವರು. ಅದಕ್ಕೆ ಈಸ್ಟ್ರೊಜೆನ್ ಏನು ಮಾಡೀತು?

ಆ ಅಂಕಿಗಳ ಪುಟವನ್ನೂ ಎಕೋ ವರದಿಯನ್ನೂ ನೋಡಿದ ವೈದ್ಯರು ಪಿಯೋಗ್ಲಿಟಜೋನ್ ನಿಲ್ಲಿಸಿ, ಗ್ಲಿಮೆಪಿರೈಡ್ ತಗ್ಗಿಸಿ, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆ ಶುರುಮಾಡಿದರು. ಇದರಿಂದ ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಯೋನಿಯಲ್ಲಿ ಫಂಗಸ್ ತುರಿಕೆ ಬರಬಹುದು. ಮುಟ್ಟು ನಿಂತ ಮೇಲಿನ ಒಣಗುವಿಕೆ ಎಂದು ಅದನ್ನು ಸಹಿಸಿಕೊಂಡು ಕೂರಬೇಡಿ ಎಂದು ಒತ್ತಿ ಹೇಳಿದೆವು.

ಮೂರು ತಿಂಗಳಲ್ಲಿ ಊತ ಇಳಿಯಿತು, ಝಳ ಉಳಿಯಿತು. ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಸರಿಯಿತ್ತು, ರಕ್ತದ ಕೊಬ್ಬು ಟ್ರೈಗ್ಲಿಸರೈಡ್ ಮಾತ್ರ ಹೆಚ್ಚು, 310. ನುಂಗುವ ಈಸ್ಟ್ರೊಜೆನ್ ಮೊದಲು ಯಕೃತ್ತಿಗೆ ಹೋಗಿ ಟ್ರೈಗ್ಲಿಸರೈಡನ್ನೂ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ಏರಿಸುತ್ತದೆ. ಚರ್ಮಕ್ಕೆ ಅಂಟಿಸುವ ಈಸ್ಟ್ರೊಜೆನ್ ಪಟ್ಟಿಗೆ ಆ ದಾರಿಯಿಲ್ಲ. ಹೃದ್ರೋಗ ತಜ್ಞರು ಒಪ್ಪಿದ ಮೇಲೆ ಸ್ತ್ರೀರೋಗ ತಜ್ಞರು 25 ಮೈಕ್ರೊಗ್ರಾಂ ಪಟ್ಟಿಯನ್ನು ವಾರಕ್ಕೆರಡು ಬಾರಿ ಬರೆದರು. ಗರ್ಭಕೋಶ ಇರುವುದರಿಂದ ಅದರ ಒಳಪದರ ಬೆಳೆಯದಂತೆ ರಾತ್ರಿ 100 ಮಿಲಿಗ್ರಾಂ ಪ್ರೊಜೆಸ್ಟೆರಾನ್ ಹಾರ್ಮೋನ್ ಕೂಡ. ಇದನ್ನು ಬಿಟ್ಟು ಪಟ್ಟಿ ಮಾತ್ರ ಹಚ್ಚುವಂತಿಲ್ಲ. ಪಟ್ಟಿ ಹೊಕ್ಕುಳ ಕೆಳಗೆ, ಎಣ್ಣೆ-ಪೌಡರ್ ಇಲ್ಲದ ಒಣ ಚರ್ಮಕ್ಕೆ. ಪ್ರತಿ ಸಲ ಜಾಗ ಬದಲಿಸಿ, ಎದೆಯ ಮೇಲೆ ಬೇಡ. ರಕ್ತಸ್ರಾವ ಕಂಡರೆ ತಕ್ಷಣ ತಿಳಿಸಬೇಕು.

ಅವರ ಡೈರಿಯ ಮೊದಲ ಪುಟದಲ್ಲಿ ದೊಡ್ಡಕ್ಷರದಲ್ಲಿ ಬರೆಸಿದ್ದು: ಝಳ ಬಿಸಿಯಾಗಿ ಬಂದು ಕೆಲವೇ ನಿಮಿಷಕ್ಕೆ ಹೋಗುತ್ತದೆ. ತಣ್ಣನೆ ಬೆವರು, ಏದುಸಿರು, ದವಡೆ ನೋವು ಬಂದು ಇಳಿಯದಿದ್ದರೆ, ಎದೆನೋವು ಇಲ್ಲದಿದ್ದರೂ ಹೃದಯಾಘಾತವಿರಬಹುದು, ಕಾಯದೆ ಆಂಬುಲೆನ್ಸ್ ಕರೆಸಿ.