ಜುಲೈ ಮಳೆಗೆ ರಾಣಿಪುರಂ ಹತ್ತುವವರು ಶೂ, ರೈನ್‌ಕೋಟು, ಇಂಬಳದ ಬಗ್ಗೆ ಏನು ತಯಾರಿ ಮಾಡಿಕೊಳ್ಳಬೇಕು?

ಬದಿಯಡ್ಕದಿಂದ ನಾಲ್ವರು ಜುಲೈಯಲ್ಲಿ ಕಾಸರಗೋಡು ಜಿಲ್ಲೆಯ ರಾಣಿಪುರಂ ಗುಡ್ಡೆಗೆ ಹೊರಟಿದ್ದೀರಿ. ಒಳ್ಳೆಯ ರೈನ್‌ಜಾಕೆಟ್ ಕೊಳ್ಳಬೇಕೇ, ಇಂಬಳಕ್ಕೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಜಾಕೆಟ್ ಆಮೇಲೆ ನೋಡೋಣ, ಕೈಯಲ್ಲಿರುವ ದುಡ್ಡನ್ನು ಮೊದಲು ಕಾಲಿಗೆ ಹಾಕಿ. ಮಳೆಗಾಲದ ಗುಡ್ಡೆಯಲ್ಲಿ ಮೈ ನೆನೆಯುವುದು ಹೇಗೂ ತಪ್ಪುವುದಿಲ್ಲ, ಕಾಲು ಜಾರುವುದನ್ನು ತಪ್ಪಿಸಬಹುದು.

ಮನೆಯಲ್ಲಿ ಹಳೆಯ ಟ್ರೆಕ್ಕಿಂಗ್ ಶೂ ಇದ್ದರೆ ಹೊರಡುವ ಒಂದು ವಾರ ಮೊದಲೇ ಹೊರತೆಗೆಯಿರಿ. ನಮ್ಮ ಕರಾವಳಿಯ ತೇವಕ್ಕೆ, ನಾಲ್ಕೈದು ವರ್ಷ ಮೂಲೆಯಲ್ಲಿದ್ದ ಶೂವಿನ ಪಾಲಿಯುರೆಥೇನ್ ಪದರ (ಸೋಲಿನ ಮೆತ್ತನೆಯ ಪ್ಲಾಸ್ಟಿಕ್ ಭಾಗ) ಒಳಗೊಳಗೇ ಪುಡಿಯಾಗಿರಬಹುದು. ಹೊರಗಿನಿಂದ ಹೊಸದರಂತೆ ಕಾಣುತ್ತದೆ, ಒಂದು ಗಂಟೆ ನಡೆದರೆ ಸೋಲ್ ಬಾಯಿ ಬಿಡುತ್ತದೆ. ಮುಂಭಾಗವನ್ನು ಹತ್ತು ಸಲ ಬಲವಾಗಿ ಬಗ್ಗಿಸಿ ನೋಡಿ, ಬದಿಯ ಮೆತ್ತನೆಯ ಪದರಕ್ಕೆ ಹೆಬ್ಬೆರಳ ಉಗುರು ಒತ್ತಿ. ಬಿರುಕು ಕಂಡರೆ, ಪುಡಿ ಉದುರಿದರೆ ಆ ಶೂವನ್ನು ಬಿಟ್ಟುಬಿಡಿ. ಅಂಟು ಹಚ್ಚಿ ಪ್ರಯೋಜನವಿಲ್ಲ, ಅಂಟು ಹಿಡಿಯಲು ಗಟ್ಟಿ ಜಾಗವೇ ಉಳಿದಿರುವುದಿಲ್ಲ. ಯಾವ ಶೂ ಆದರೂ ಎರಡು ಮೀಟರ್ ನೈಲಾನ್ ಹಗ್ಗ ಚೀಲದಲ್ಲಿರಲಿ. ಸೋಲ್ ಕಿತ್ತರೆ ಸುತ್ತಿ ಬಿಗಿದು ಕೆಳಗಿಳಿಯಬಹುದು.

ಹೊಸದು ಕೊಳ್ಳುವುದಾದರೆ ಅಡಿಯ ಹಲ್ಲುಗಳು 4 ಮಿ.ಮೀ.ಗಿಂತ ಕಡಿಮೆ ಇರಬಾರದು, ನಡುವೆ ಕೆಸರು ಉದುರಿಹೋಗುವಷ್ಟು ಸಂದು ಇರಬೇಕು. ಸಂಜೆ ಹೊತ್ತು, ದಪ್ಪ ಸಾಕ್ಸ್ ಹಾಕಿಯೇ ಅಳತೆ ನೋಡಿ. ಬೆರಳುಗಳ ಮುಂದೆ ಒಂದು ಬೆರಳಗಲ ಜಾಗ ಬಿಡದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ‘ವಾಟರ್‌ಪ್ರೂಫ್’ ಶೂವಿಗೆ ಹೆಚ್ಚು ದುಡ್ಡು ಕೊಡಬೇಡಿ. ಈ ಮಳೆಗೆ ನೀರು ಮೇಲಿನ ಬಾಯಿಯಿಂದಲೇ ಇಳಿಯುತ್ತದೆ, ಇಳಿದದ್ದು ಹೊರಗೆ ಹೋಗುವುದಿಲ್ಲ. ಜಾಳಿಗೆ ಬಟ್ಟೆಯದ್ದೇ ವಾಸಿ. ಅಗ್ಗದ ರಬ್ಬರ್ ಸ್ಟಡ್ ಶೂ ಕೆಸರಲ್ಲಿ ಚೆನ್ನಾಗಿ ಹಿಡಿಯುತ್ತದೆ, ಹಾವಸೆ ಕಟ್ಟಿದ ಬಂಡೆಯಲ್ಲಿ ಜಾರುತ್ತದೆ. ನಿಜ ಹೇಳಬೇಕೆಂದರೆ ಹಾವಸೆಯ ಮೇಲೆ ಯಾವ ಸೋಲೂ ನಿಲ್ಲದು. ಅಂಥಲ್ಲಿ ಬಂಡೆಗೆ ತಾಗಿದ ಮಣ್ಣಿನ ಮೇಲೆ ಹೆಜ್ಜೆ ಇಡಿ, ಇಡೀ ಪಾದ ಊರಿ, ಮೊಣಕಾಲು ಸ್ವಲ್ಪ ಬಗ್ಗಿಸಿ ಇಳಿಯಿರಿ.

ಇನ್ನು ಇಂಬಳ. ಹುಲ್ಲುಗಾವಲಿಗಿಂತ ಶೋಲಾ ಕಾಡಿನೊಳಗೆ (ಗುಡ್ಡೆಯ ಇಳಿಜಾರು, ಕಣಿವೆಗಳ ದಟ್ಟ ಹಸಿರು ಕಾಡು) ಇದರ ಕಾಟ ಹೆಚ್ಚು. ಹೆಚ್ಚಿನವು ನೆಲದ ತರಗೆಲೆಯಿಂದ, ದಾರಿ ಬದಿಯ ಗಿಡದಿಂದ ಹತ್ತುತ್ತವೆ. ಹೊಟ್ಟೆ ಖಾಲಿ ಇರುವ ಇಂಬಳ ದಾರದಷ್ಟು ಸಪೂರವಾಗಿ ಸಾಮಾನ್ಯ ಹತ್ತಿ ಸಾಕ್ಸಿನ ಹೆಣಿಗೆಯೊಳಗೇ ನುಸುಳುತ್ತದೆ. ಹಾಗಾಗಿ ಔಷಧಕ್ಕಿಂತ ಬಟ್ಟೆ ಮುಖ್ಯ. ಒತ್ತಾಗಿ ನೇಯ್ದ ಬಟ್ಟೆಯ ಲೀಚ್ ಸಾಕ್ಸನ್ನು ಪ್ಯಾಂಟಿನ ಮೇಲೆ ಮೊಣಕಾಲಿನವರೆಗೆ ಎಳೆದು, ದಾರ ಬಿಗಿದು, ಅದರ ಮೇಲೆ ಶೂ ಹಾಕಿ. ಸಿಗದಿದ್ದರೆ ನೈಲಾನ್ ಫುಟ್‌ಬಾಲ್ ಸಾಕ್ಸ್ ಎರಡು ಜೊತೆ, ಒಂದರ ಮೇಲೊಂದು, ಪ್ಯಾಂಟು ಅದರೊಳಗೆ.

ಹೊಗೆಸೊಪ್ಪು ನೆನೆಸಿದ ನೀರು, ಸುಣ್ಣ ಎಲ್ಲ ನಮ್ಮ ತೋಟದವರಿಗೆ ಗೊತ್ತಿರುವುದೇ. ಆದರೆ ಚರ್ಮಕ್ಕೆ ನೇರ ಹಚ್ಚಬೇಡಿ. ಒದ್ದೆ ಚರ್ಮ ನಿಕೋಟಿನ್ ಹೀರಿಕೊಂಡರೆ ತಲೆ ಸುತ್ತುತ್ತದೆ, ವಾಂತಿ ಬರುತ್ತದೆ. ಸುಣ್ಣವಂತೂ ಸುಡುತ್ತದೆ. ಡೀಟ್ (ಕೀಟ ದೂರವಿಡುವ ರಾಸಾಯನಿಕ) ಇರುವ ಸ್ಪ್ರೇಯನ್ನು ಸಾಕ್ಸಿನ ಹೊರಗೆ ಹೊಡೆಯಬಹುದು, ಜೋರು ಮಳೆಗೆ ತೊಳೆದು ಹೋಗುವುದರಿಂದ ಮತ್ತೆ ಮತ್ತೆ ಹೊಡೆಯಬೇಕು. ಕಾಡಿನೊಳಗೆ ಫೋಟೋಕ್ಕೆಂದು ನಿಲ್ಲಬೇಡಿ. ಹತ್ತು ನಿಮಿಷಕ್ಕೊಮ್ಮೆ ಒಬ್ಬರ ಕಾಲು ಇನ್ನೊಬ್ಬರು ನೋಡಿ.

ಕಚ್ಚಿದರೆ ಉಪ್ಪು ಹಾಕುವುದೂ ಬೇಡ, ಲೈಟರಿನಿಂದ ಸುಡುವುದೂ ಬೇಡ. ಇಂಬಳ ಸಂಕಟಕ್ಕೆ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಾರಬಹುದು. ಸಪೂರ ತುದಿ ಬಾಯಿ. ಅದರ ಪಕ್ಕ ಉಗುರನ್ನು ಚರ್ಮಕ್ಕೆ ತಾಗಿಸಿ ಅಡ್ಡಕ್ಕೆ ಸರಿಸಿ, ಬಾಯಿ ಬಿಟ್ಟ ಕೂಡಲೇ ದಪ್ಪ ತುದಿಯನ್ನೂ ಬಿಡಿಸಿ ಚಿಮ್ಮಿಬಿಡಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದು, ಆದ್ದರಿಂದ ಗಂಟೆಗಟ್ಟಲೆ ಜಿನುಗಬಹುದು, ಹೆದರಬೇಡಿ. ತೊಳೆದು, ಹತ್ತಿ ಇಟ್ಟು ಒತ್ತಿ ಕಟ್ಟಿ. ನಿಮ್ಮಲ್ಲಿ ಯಾರಾದರೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಮಾತ್ರ ಈ ಕಾಲದಲ್ಲಿ ಅವರನ್ನು ಕರೆದೊಯ್ಯಬೇಡಿ.

ಜಾಕೆಟ್ಟಿಗೆ ಬರೋಣ. ಲೇಬಲ್ಲಿನಲ್ಲಿ 5000 ಮಿ.ಮೀ. ಅಥವಾ ಹೆಚ್ಚು (ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಎಂಬ ಅಳತೆ) ಎಂದಿರಲಿ, ಹೊಲಿಗೆಗಳ ಒಳಬದಿಗೆ ಟೇಪ್ ಅಂಟಿಸಿರಲಿ. ಟೇಪ್ ಇಲ್ಲದ್ದು ಹೆಗಲಿನ ಹೊಲಿಗೆಯಲ್ಲೇ ಸೋರುತ್ತದೆ. ಪೊಂಚೋ (ತಲೆಯಿಂದ ಇಳಿಬಿಡುವ ಸಡಿಲ ಮಳೆಹೊದಿಕೆ) ಮೇಲಿನ ಹುಲ್ಲುಗುಡ್ಡೆಯ ಗಾಳಿಗೆ ಮುಖಕ್ಕೇ ಹಾರುತ್ತದೆ. ಜೀನ್ಸ್ ಖಂಡಿತ ಬೇಡ, ಪಾಲಿಯೆಸ್ಟರ್ ಟ್ರ್ಯಾಕ್‌ಪ್ಯಾಂಟ್ ಸಾಕು. ಬ್ಯಾಗಿನ ಹೊರಹೊದಿಕೆಯನ್ನು ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲವನ್ನು ಬ್ಯಾಗಿನೊಳಗೇ ಇಟ್ಟು, ಒಣ ಬಟ್ಟೆ, ಟವೆಲ್, ಫೋನು ಹಾಕಿ, ಬಾಯಿ ತಿರುಚಿ ಮಡಚಿ ರಬ್ಬರ್ ಹಾಕಿ. ಆ ಒಣ ಬಟ್ಟೆಯನ್ನು ಕೆಳಗೆ ಇಳಿದ ಮೇಲೆಯೇ ತೆರೆಯಬೇಕು. ಮಳೆ ಎಂದು ಕುಡಿಯುವ ನೀರು ಮರೆಯಬೇಡಿ, ತಲಾ ಒಂದೂವರೆ ಲೀಟರ್.

ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. ಆರೆಂಜ್ ಅಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿ.ಮೀ. ಮಳೆ. ಆರೆಂಜ್ ಇದ್ದರೂ ರೆಡ್ ಇದ್ದರೂ ದಿನ ಬದಲಿಸಿ. ಈ ಕಾಡು ಕೊಡಗಿನ ತಲಕಾವೇರಿ ವನ್ಯಧಾಮದ ಕಾಡಿಗೆ ಸೇರಿಕೊಂಡಿರುವುದರಿಂದ ಆನೆ ಓಡಾಡುತ್ತದೆ. ಟಿಕೆಟ್ ಕೌಂಟರಿನಲ್ಲಿ ಅರಣ್ಯ ಇಲಾಖೆಯವರು ‘ಇಂದು ಬಿಡುವುದಿಲ್ಲ’ ಎಂದರೆ ವಾದಿಸದೆ ಹಿಂತಿರುಗಿ.

ಒಂದು ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ, ಇಲಿಜ್ವರ (ಲೆಪ್ಟೊಸ್ಪೈರೋಸಿಸ್). ಕಾಲಿನ ಗಾಯ, ಇಂಬಳ ಕಚ್ಚಿದ ತೂತು, ಅದರ ಮೇಲೆ ಕೆಸರು ನೀರು, ಇದರ ರೋಗಾಣು ಒಳಹೋಗಲು ಅಷ್ಟು ಸಾಕು. ಇಳಿದ ಕೂಡಲೇ ಸೋಪು ಹಾಕಿ ಕಾಲು ತೊಳೆಯಿರಿ. ಮುಂದಿನ ಒಂದು ತಿಂಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ಪ್ಯಾರಾಸಿಟಮಾಲ್ ನುಂಗಿ ಕಾಯಬೇಡಿ. ಡಾಕ್ಟರ ಬಳಿ ಹೋಗಿ, ಕೆಸರಲ್ಲಿ ನಡೆದದ್ದನ್ನು ಅವರು ಕೇಳುವ ಮೊದಲೇ ಹೇಳಿ.